ದರಗು ತರೋರು ಯಾರು? ಮಂಗನ ಕಾಯಿಲೆ ಸಂಶೋಧನೆಯಿಂದ ನಾವು ಕಲಿಯಬೇಕಾದ ಪಾಠ

ಅಡಿಕೆ ಕೊಯ್ಲು ಮುಗಿಯುತ್ತಾ ಬಂದ ಹಾಗೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ದರಗಿನ ಕೆಲಸ ಶುರುವಾಗುತ್ತದೆ. ಸೊಪ್ಪಿನ ಬೆಟ್ಟದಲ್ಲಿ ಉದುರಿದ ಎಲೆ ಗುಡಿಸಿ, ಹೊರೆ ಕಟ್ಟಿ ಕೊಟ್ಟಿಗೆಗೆ ತರುವ ದಿನಗಳು ಇವು. ಮಂಗನ ಕಾಯಿಲೆ, ಅಂದರೆ ಕೆಎಫ್‌ಡಿ, ಕಾಣಿಸಿಕೊಳ್ಳುವುದೂ ಇದೇ ಕಾಲಕ್ಕೆ: ಡಿಸೆಂಬರ್‌ನಿಂದ ಮೇ ತನಕ. ಹಾಗಾಗಿ ಈ ವಾರ ಗೊಬ್ಬರ, ಔಷಧಿ ವಿಷಯ ಪಕ್ಕಕ್ಕಿಟ್ಟು, ಈ ಕಾಯಿಲೆ ಬಗ್ಗೆ ಜನರ ಜೊತೆ ಸೇರಿ ನಡೆದ ಒಂದು ಸಂಶೋಧನೆಯ ಬಗ್ಗೆ ಬರೆಯುತ್ತಿದ್ದೇನೆ.

ಕಾಯಿಲೆ ಯಾರನ್ನು ಹಿಡಿಯುತ್ತದೆ?

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಈ ವೈರಸ್ ಮೊದಲು ಪತ್ತೆಯಾಯಿತು. ಮಂಗ ಸಾಯುತ್ತದೆ ಅಂತ ಮಂಗನ ಕಾಯಿಲೆ ಎಂಬ ಹೆಸರು ಬಂತು. ಆದರೆ ನಮಗೆ ಅಂಟಿಸುವುದು ಉಣುಗು. ಅದರಲ್ಲೂ ತರಗೆಲೆಯಲ್ಲಿ ಇರುವ, ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಮರಿ ಉಣುಗು. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ.

ಅಂದರೆ ತರಗೆಲೆಯಲ್ಲಿ ಕೈ ಹಾಕುವವರಿಗೇ ಅಪಾಯ ಜಾಸ್ತಿ. ಸೌದೆ ತರುವವರು, ದನ ಮೇಯಿಸುವವರು, ಕೂಲಿಗೆ ದರಗು ಹೊರುವವರು. 1982-83ರಲ್ಲಿ ಬೆಳ್ತಂಗಡಿ ಕಡೆ ಗೇರು ತೋಟಕ್ಕಾಗಿ ಕಾಡು ಕಡಿದಾಗ ಕಾಯಿಲೆಗೆ ಮೊದಲು ಸಿಕ್ಕವರು ಆ ಕೆಲಸಕ್ಕೆ ಹೋದ ಕೂಲಿಕಾರರು. ಮಾರ್ಕ್ ನಿಕ್ಟರ್ ಎಂಬ ಮಾನವಶಾಸ್ತ್ರಜ್ಞ 1987ರಲ್ಲಿ ಇದರ ಬಗ್ಗೆ ಬರೆಯುತ್ತಾ ಇದನ್ನು ಅಭಿವೃದ್ಧಿಯೇ ತಂದ ಕಾಯಿಲೆ ಎಂದು ಕರೆದರು. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಕಾಯಿಲೆ ಕಾಣಿಸಿಕೊಂಡು ಜೀವಗಳು ಹೋದವು. ಅದನ್ನು ನಾವ್ಯಾರೂ ಮರೆತಿಲ್ಲ.

ಜನರನ್ನು ಕೇಳಿ ಮಾಡಿದ ನಕ್ಷೆ

ಸುಮಾರು ಅದೇ ಹೊತ್ತಿಗೆ ‘ಮಂಕಿ ಫೀವರ್ ರಿಸ್ಕ್’ ಎಂಬ ಯೋಜನೆ ನಡೆಯಿತು. ಬ್ರಿಟನ್ನಿನ ಪರಿಸರ ಮತ್ತು ಜಲವಿಜ್ಞಾನ ಕೇಂದ್ರ, ಬೆಂಗಳೂರಿನ ಎಟ್ರೀ, ನಿವೇದಿ, ಸಾರ್ವಜನಿಕ ಆರೋಗ್ಯ ಸಂಸ್ಥೆ, ಜೊತೆಗೆ ರಾಜ್ಯದ ಆರೋಗ್ಯ ಇಲಾಖೆ ಇದರಲ್ಲಿದ್ದವು. ನನಗೆ ಇಷ್ಟವಾದದ್ದು ಅವರು ಕೆಲಸ ಮಾಡಿದ ರೀತಿ. ಆರೋಗ್ಯ, ಪಶುವೈದ್ಯ, ಅರಣ್ಯ ಇಲಾಖೆಯವರನ್ನೂ ಕಾಡಿನಂಚಿನ ಜನರನ್ನೂ ಕೇಳಿ, ಯಾವ ಮಾಹಿತಿ ಉಪಯೋಗಕ್ಕೆ ಬರುತ್ತದೆ ಅಂತ ತಿಳಿದುಕೊಂಡು, ಅದನ್ನು ಸೇರಿಸಿ ಶಿವಮೊಗ್ಗ ಜಿಲ್ಲೆಯ ಅಪಾಯದ ನಕ್ಷೆ ಮಾಡಿದರು.

ನಕ್ಷೆ ತೋರಿಸಿದ್ದು ಏನು? ಅಪಾಯ ದಟ್ಟ ಕಾಡಿನ ಒಳಗಷ್ಟೇ ಇಲ್ಲ. ನಿತ್ಯಹರಿದ್ವರ್ಣ ಕಾಡು, ತೋಟ, ಗದ್ದೆ ಒಂದಕ್ಕೊಂದು ಹೆಣೆದುಕೊಂಡಿರುವ, ನಾಟಿ ದನ ಹೆಚ್ಚಿರುವ ಕಡೆ ಅಪಾಯ ಜಾಸ್ತಿ. ನೋಡಿ, ಇದು ನಮ್ಮ ಮನೆ ಸುತ್ತಲಿನ ಜಾಗವೇ!

ಹಾಗಂತ ದನ ಮಾರಬೇಕಾಗಿಲ್ಲ. ದನದಿಂದ ನಮಗೆ ನೇರವಾಗಿ ಕಾಯಿಲೆ ಬರುವುದಿಲ್ಲ. ಬೆಳೆದ ಉಣುಗು ದನದ ರಕ್ತ ಕುಡಿದು ಮೊಟ್ಟೆ ಇಡುವುದರಿಂದ ಉಣುಗಿನ ಸಂಖ್ಯೆ ಹೆಚ್ಚುತ್ತದೆ, ಅಷ್ಟೇ. ದನಗಳ ಉಣುಗು ನಿಯಂತ್ರಣಕ್ಕೆ ಪಶುವೈದ್ಯರನ್ನು ಕೇಳಿ.

ಇದರಲ್ಲಿ ನ್ಯಾಯದ ಮಾತು ಎಲ್ಲಿ ಬಂತು?

‘ಕಾಡಿಗೆ ಹೋಗಬೇಡಿ’ ಅಂತ ಹೇಳುವುದು ಸುಲಭ. ಅವತ್ತಿನ ಕೂಲಿ ಕಾಡಿನಲ್ಲೇ ಇರುವವರು ಏನು ಮಾಡಬೇಕು? ಡೆಪಾ ಎಣ್ಣೆ ಹಚ್ಚಿ ಅನ್ನುತ್ತೇವೆ. ಅಂಟಂಟು, ವಾಸನೆ, ಉರಿ ಅಂತ ಅವರು ಹೇಳಿದರೆ ‘ಅವರಿಗೆ ತಿಳುವಳಿಕೆ ಇಲ್ಲ’ ಅಂದುಬಿಡುತ್ತೇವೆ. ಹಳೆಯ ಲಸಿಕೆ ನಿಂತಿದೆ, ಹೊಸದು ಇನ್ನೂ ಪರೀಕ್ಷೆಯಲ್ಲಿದೆ. ಈ ಕಾಯಿಲೆಗೇ ಅಂತ ಪ್ರತ್ಯೇಕ ಔಷಧಿಯೂ ಇಲ್ಲ. ಹೀಗಿರುವಾಗ ರಕ್ಷಣೆಯ ಭಾರವನ್ನೆಲ್ಲ ಹೊರೆ ಹೊರುವವರ ತಲೆ ಮೇಲೇ ಹಾಕುವುದು ಸರಿಯಲ್ಲ. ದರಗು ಬೀಳುವುದು ನಮ್ಮ ಕೊಟ್ಟಿಗೆಗೆ. ಹಾಗಾಗಿ ಜವಾಬ್ದಾರಿಯೂ ನಮ್ಮದೇ.

ತೋಟದ ಮಾಲೀಕರು ಮಾಡಬೇಕಾದ್ದು

1. ಸಾಧ್ಯವಾದರೆ ಉಣುಗು ಹೆಚ್ಚಾಗುವ ಮೊದಲೇ ದರಗು ತಂದು ಮುಗಿಸಿ.
2. ಆಶಾ ಕಾರ್ಯಕರ್ತೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಡೆಪಾ ಎಣ್ಣೆ ಮೊದಲೇ ತಂದಿಡಿ. ನಿಮಗೂ ಕೆಲಸದವರಿಗೂ ಸಾಕಾಗುವಷ್ಟಿರಲಿ.
3. ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟು, ಗಮ್ ಬೂಟು ಕೆಲಸದವರಿಗೆ ನೀವೇ ಕೊಡಿ.
4. ಕೆಲಸ ಮುಗಿದ ಮೇಲೆ ಬಿಸಿನೀರು, ಸೋಪಿನ ವ್ಯವಸ್ಥೆ ಮಾಡಿ. ಬಟ್ಟೆಯನ್ನೂ ಬಿಸಿನೀರಿನಲ್ಲೇ ಒಗೆಯಬೇಕು.
5. ಮಂಗ ಸತ್ತಿದ್ದರೆ ಮುಟ್ಟಬೇಡಿ. ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ಕೂಡಲೇ ಫೋನ್ ಮಾಡಿ.
6. ಕಾಡಿಗೆ ಹೋಗಿ ಬಂದ ಕೆಲವು ದಿನಗಳಲ್ಲಿ ದಿಢೀರ್ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದರೆ ಅಂಗಡಿ ಮಾತ್ರೆ ನುಂಗಿ ಕಾಯಬೇಡಿ. ಆರೋಗ್ಯ ಕೇಂದ್ರಕ್ಕೆ ಹೋಗಿ ‘ಕಾಡಿಗೆ ಹೋಗಿದ್ದೆ’ ಅಂತ ಹೇಳಿ ರಕ್ತ ಪರೀಕ್ಷೆ ಮಾಡಿಸಿ. ಆ ದಿನಗಳ ಕೂಲಿ ಕಡಿಯಬೇಡಿ. ಕೂಲಿ ಹೋಗುತ್ತದೆ ಅಂತ ಆಸ್ಪತ್ರೆಗೆ ಹೋಗುವುದನ್ನು ಮುಂದೂಡಿದರೆ ಜೀವಕ್ಕೇ ಅಪಾಯ.

ಸಂಶೋಧಕರು ಊರಿಗೆ ಬಂದಾಗ

ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲೇ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಇದೆ. ಕೃಷಿ ಪದವಿ ವಿದ್ಯಾರ್ಥಿಗಳು ಗ್ರಾಮೀಣ ಕಾರ್ಯಾನುಭವಕ್ಕೆ ಹಳ್ಳಿಗಳಲ್ಲಿ ಬಂದು ಉಳಿಯುತ್ತಾರೆ. ಅವರಾಗಲಿ, ಬೇರೆ ಸಂಸ್ಥೆಯವರಾಗಲಿ ಬಂದರೆ ಬರೀ ಉತ್ತರ ಕೊಟ್ಟು ಕಳಿಸಬೇಡಿ. ನೀವೂ ಕೇಳಿ:

- ಈ ಪ್ರಶ್ನೆಯನ್ನು ಆರಿಸಿದ್ದು ಯಾರು? ನಮ್ಮೂರಿನ ಅಗತ್ಯ ಕೇಳಿದಿರಾ?
- ಕೂಲಿಯವರನ್ನು, ಹೆಂಗಸರನ್ನು, ದನ ಕಾಯುವವರನ್ನು ಮಾತಾಡಿಸಿದಿರಾ? ಅಥವಾ ಜಗಲಿಯಲ್ಲಿ ಕೂತ ಯಜಮಾನರನ್ನು ಮಾತ್ರವಾ?
- ನಮ್ಮ ರಕ್ತದ ಮಾದರಿ, ಮಾಹಿತಿ ಎಲ್ಲಿಗೆ ಹೋಗುತ್ತದೆ? ಬೇಡ ಅನ್ನುವ ಹಕ್ಕು ನಮಗಿದೆಯಾ?
- ಫಲಿತಾಂಶವನ್ನು ಕನ್ನಡದಲ್ಲಿ, ಗ್ರಾಮಸಭೆಯಲ್ಲಿ ಯಾವಾಗ ಹೇಳುತ್ತೀರಿ?

ಒಳ್ಳೆಯ ಸಂಶೋಧಕರು ಈ ಪ್ರಶ್ನೆಗಳಿಗೆ ಬೇಜಾರು ಮಾಡಿಕೊಳ್ಳುವುದಿಲ್ಲ. ಇವುಗಳಿಂದ ಅವರ ಕೆಲಸವೇ ಗಟ್ಟಿಯಾಗುತ್ತದೆ. ಯಾವ ಬೆಟ್ಟದಲ್ಲಿ ಉಣುಗು ಜಾಸ್ತಿ, ಯಾವ ದಾರಿಯಲ್ಲಿ ಮಂಗ ಸತ್ತಿತ್ತು ಅಂತ ಚೆನ್ನಾಗಿ ಗೊತ್ತಿರುವುದು ಅಲ್ಲಿ ದಿನಾ ಓಡಾಡುವವರಿಗೆ.

ಈ ವಾರದ ಕೆಲಸ

ನಿಮ್ಮ ತೋಟದಲ್ಲಿ ದರಗು ತರುವವರ ಜೊತೆ ಅರ್ಧ ಗಂಟೆ ಕೂತು ಮಾತಾಡಿ. ಅವರು ಹೋಗುವ ಜಾಗಗಳನ್ನು ಮೊಬೈಲ್ ನಕ್ಷೆಯಲ್ಲಿ ಗುರುತು ಮಾಡಿ. ಎಣ್ಣೆ ಯಾಕೆ ಹಚ್ಚುವುದಿಲ್ಲ ಅಂತ ಕೇಳಿ, ಹೇಳಿದ್ದನ್ನು ಹಾಗೇ ಬರೆದುಕೊಳ್ಳಿ. ಅವರ ಒಪ್ಪಿಗೆ ಪಡೆದು, ಹೆಸರು ಹಾಕದೆ, ಅದನ್ನು ಆಶಾ ಕಾರ್ಯಕರ್ತೆಗೆ ಕೊಡಿ. ಮುಂದಿನ ಗ್ರಾಮಸಭೆಯಲ್ಲಿ ಆ ಮಾತನ್ನು ಅವರೇ ಎದ್ದು ಹೇಳುವಂತಾದರೆ ಇನ್ನೂ ಒಳ್ಳೆಯದು.