ನಮ್ಮ ನೆಲದ ಗಿಡ ಹಚ್ಚೋಣ

ಆಳಂದ, ಅಫಜಲಪುರ, ಜೇವರ್ಗಿ. ಮೂರೂ ಕಡೆ ಊರು ಬೆಳೆಯುತ್ತಿವೆ. ತೊಗರಿ ಹೊಲ ಇದ್ದಲ್ಲಿ ಪ್ಲಾಟು ಬೀಳುತ್ತಿವೆ. ಬದುವಿನ ಬೇವು, ಬನ್ನಿ, ಜಾಲಿ ಕಡಿದು ಹೋಗುತ್ತಿವೆ.

ಹೊಸ ಬಡಾವಣೆ ಮಾಡುವವರು ಉದ್ಯಾನಕ್ಕೆ ಜಾಗ ಬಿಡಬೇಕು. ಇದು ನಿಯಮ. ಅಲ್ಲಿ ಯಾವ ಗಿಡ ಹಚ್ಚಬೇಕು? ಇದನ್ನು ನಾವೂ ಹೇಳಬೇಕು.

ಚೆಂದ ಕಾಣುತ್ತದೆ ಎಂದು ಹೊರದೇಶದ ಗಿಡ ಹಚ್ಚುವುದುಂಟು. ಕೊನೊಕಾರ್ಪಸ್ ಅಂಥ ಗಿಡ. ಬೇಗ ಬೆಳೆಯುತ್ತದೆ. ಆದರೆ ಅದರ ಬೇರು ಪೈಪು, ಚರಂಡಿ ಕೆಡಿಸುತ್ತದೆ. ಹೂವಿನ ಪುಡಿಯಿಂದ ನೆಗಡಿ, ಕೆಮ್ಮು, ದಮ್ಮು ಬರಬಹುದು. 2023ರಲ್ಲಿ ಗುಜರಾತ್ ಸರಕಾರ ಇದನ್ನು ಹಚ್ಚಬಾರದು ಎಂದಿತು. ನೀಲಗಿರಿ ನೆಲದ ನೀರು ಬಹಳ ಹೀರುತ್ತದೆ. 2017ರಲ್ಲಿ ನಮ್ಮ ಕರ್ನಾಟಕ ಸರಕಾರ ಹೊಸ ನೀಲಗಿರಿ ಹಚ್ಚುವುದನ್ನು ನಿಷೇಧಿಸಿತು.

ಬಳ್ಳಾರಿ ಜಾಲಿ ನೋಡ್ರಿ. ಅದೂ ಹೊರದೇಶದ್ದೇ. ಈಗ ಯಾರೂ ಹಚ್ಚಬೇಕಿಲ್ಲ. ಹಳ್ಳ, ಬೀಳು ಭೂಮಿ ತಾನೇ ತುಂಬುತ್ತದೆ. ಅದರ ಮುಳ್ಳು ನಮ್ಮ ಕಾಲಿಗೆ ಗೊತ್ತು!

ನಮ್ಮ ನೆಲದ ಗಿಡ ಹಾಗಲ್ಲ. ನಮ್ಮ ಕಡೆ ಬ್ಯಾಸಗಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೇವು ಅದನ್ನು ತಡೆಯುತ್ತದೆ, ನೆರಳು ಕೊಡುತ್ತದೆ. ಅದರ ಎಲೆ ಜೋಳದ ಚೀಲಕ್ಕೆ ಹಾಕುತ್ತೇವೆ, ಹುಳ ಹತ್ತುವುದಿಲ್ಲ. ಹೊಂಗೆ ಬೀಜದಿಂದ ಎಣ್ಣೆ ಬರುತ್ತದೆ. ಕರಿಜಾಲಿ ಕಾಯಿ ಆಡು ತಿನ್ನುತ್ತವೆ. ಅತ್ತಿ ಹಣ್ಣಿಗೆ ಹಕ್ಕಿ ಬರುತ್ತವೆ. ದಸರಾಕ್ಕೆ ಬನ್ನಿ ಬೇಕೇ ಬೇಕು.

ಒಂದು ಮಾತು ನೆನಪಿರಲಿ. ಆಲ, ಅರಳಿ ದೊಡ್ಡ ಬೇರಿನ ಗಿಡ. ಅವನ್ನು ಗೋಡೆ ಹತ್ತಿರ ಹಚ್ಚಬಾರದು. ಬಯಲಲ್ಲಿ ಹಚ್ಚಬೇಕು.

ನಾವೇನು ಮಾಡಬೇಕು? ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ಆಗಬೇಕು. ಎಲ್ಲರೂ ಕೂಡಿ ಹೋಗೋಣ. ಪಟ್ಟಣದವರು ತಮ್ಮ ವಾರ್ಡಿನ ಸದಸ್ಯರಿಗೆ ಕೇಳಲಿ. ಬಾಯಲ್ಲಿ ಹೇಳಿದರೆ ಸಾಲದು. ಅರ್ಜಿ ಬರೆಯೋಣ:

"ಗ್ರಾಮ ಪಂಚಾಯಿತಿ ಅಧ್ಯಕ್ಷರಿಗೆ,
ನಮ್ಮೂರಿನ ಹೊಸ ಬಡಾವಣೆ, ಶಾಲೆ, ರಸ್ತೆ ಬದಿಯಲ್ಲಿ ನಮ್ಮ ನೆಲದ ಗಿಡಗಳನ್ನೇ ಹಚ್ಚಬೇಕು. ಮೂರು ವರ್ಷ ನೀರು ಹಾಕಿ ಕಾಯಬೇಕು. ಹೀಗೆಂದು ಠರಾವು ಮಾಡಬೇಕೆಂದು ಕೇಳಿಕೊಳ್ಳುತ್ತೇವೆ."

ಕೆಳಗೆ ತಾರೀಖು ಹಾಕೋಣ. ಹೆಬ್ಬೆಟ್ಟು ಬೇಡ, ನಮ್ಮ ಸಹಿ ಮಾಡೋಣ. ಅರ್ಜಿ ಕೊಟ್ಟಿದ್ದಕ್ಕೆ ಸ್ವೀಕೃತಿ ಚೀಟಿ ಕೇಳಿ ಪಡೆಯೋಣ. ಠರಾವು ಆದರೆ ಅದನ್ನು ನಾವೇ ಓದಿ ನೋಡೋಣ.

ಕೂಡಿ ಮಾತಾಡಿರಿ
1. ನಿಮ್ಮ ಓಣಿಯಲ್ಲಿ ಯಾವ ಯಾವ ಗಿಡ ಇವೆ? ಹೆಸರು ಬರೆಯಿರಿ.
2. ಅವುಗಳಲ್ಲಿ ನಮ್ಮ ನೆಲದವು ಯಾವುವು?
3. ಮೇಲಿನ ಅರ್ಜಿಯನ್ನು ನಿಮ್ಮ ಊರ ಹೆಸರು ಸೇರಿಸಿ ಬರೆಯಿರಿ.