ನೀರೇ ನೀರನ್ನು ಮೇಲೆತ್ತುವ ಟಗರು



ಮನೆಯ ನಲ್ಲಿಯನ್ನು ಥಟ್ಟನೆ ಮುಚ್ಚಿದಾಗ ಪೈಪಿನೊಳಗೆ 'ಢಣ್' ಎಂಬ ಸದ್ದು ಬರುವುದನ್ನು ನಾವೆಲ್ಲ ಕೇಳಿದ್ದೇವೆ. ರಭಸದಿಂದ ಬರುತ್ತಿದ್ದ ನೀರು ಎದುರಿಗೆ ದಾರಿ ಕಾಣದೆ ಪೈಪಿಗೆ ಗುದ್ದುವ ಸದ್ದು ಅದು. ಪೈಪು ಹಳೆಯದಾಗಿದ್ದರೆ ಒಡೆಯುವುದೂ ಉಂಟು. ಹಾಳುಮಾಡುವ ಈ ಗುದ್ದನ್ನೇ ದುಡಿಮೆಗೆ ಹಚ್ಚಿದ ಒಂದು ಯಂತ್ರವಿತ್ತು. ಅದಕ್ಕೆ ಕರೆಂಟು ಬೇಡ, ಡೀಸೆಲ್ ಬೇಡ, ಎತ್ತೂ ಬೇಡ. ಇಂದು ನಮ್ಮಲ್ಲಿ ಹೆಚ್ಚಿನವರು ಅದರ ಹೆಸರನ್ನೂ ಕೇಳಿಲ್ಲ.

ಇಂಗ್ಲೆಂಡಿನ ಜಾನ್ ವೈಟ್‌ಹರ್ಸ್ಟ್ ಎಂಬ ಗಡಿಯಾರ ತಯಾರಕ 1772ರಲ್ಲಿ ಚೆಷೈರ್ ಸೀಮೆಯ ಊಲ್ಟನ್ ಎಂಬಲ್ಲಿ ಇದರ ಮೊದಲ ರೂಪವನ್ನು ಕಟ್ಟಿದ. ಅದರ ನಲ್ಲಿಯನ್ನು ಕೈಯಿಂದಲೇ ತೆರೆದು ಮುಚ್ಚಬೇಕಿತ್ತು. ಮುಚ್ಚಿದಾಗಲೆಲ್ಲ ಸ್ವಲ್ಪ ನೀರು ಮೇಲಿನ ತೊಟ್ಟಿಗೆ ನುಗ್ಗುತ್ತಿತ್ತು. ತಾನಾಗಿಯೇ ನಡೆಯುವ ಯಂತ್ರವನ್ನು 1796ರಲ್ಲಿ ಮಾಡಿದವನು ಫ್ರಾನ್ಸಿನ ಜೋಸೆಫ್ ಮಾಂಟ್‌ಗಾಲ್ಫಿಯರ್. ತನ್ನ ಕಾಗದದ ಕಾರ್ಖಾನೆಗೆ ನೀರೆತ್ತಲು ಅವನಿಗೆ ಅದು ಬೇಕಾಗಿತ್ತು. 1783ರಲ್ಲಿ ತಮ್ಮನೊಂದಿಗೆ ಬಿಸಿಗಾಳಿಯ ಬಲೂನು ಹಾರಿಸಿದವನೂ ಇವನೇ. ಬಲೂನಿನ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ರೈತನಿಗೆ ಉಪಕಾರವಾಗುವ ಯಂತ್ರ ಮಾತ್ರ ಮೂಲೆಗೆ ಬಿತ್ತು. ಟಗರಿನಂತೆ ಗುದ್ದುವುದರಿಂದ ಅದಕ್ಕೆ 'ನೀರಿನ ಟಗರು' ಎಂದು ಹೆಸರಿಟ್ಟರು. ಇಂಗ್ಲಿಷಿನಲ್ಲಿ ಹೈಡ್ರಾಲಿಕ್ ರ್ಯಾಮ್ ಎನ್ನುತ್ತಾರೆ.

ಇದು ಕೆಲಸ ಮಾಡುವ ಬಗೆ ಹೀಗೆ. ತೋಡಿನ ಮೇಲ್ಭಾಗದಿಂದ ಕಬ್ಬಿಣದ ಪೈಪಿನಲ್ಲಿ ನೀರು ಇಳಿದು ಯಂತ್ರಕ್ಕೆ ಬರುತ್ತದೆ. ಮೊದಲು ಅದು ತೆರೆದಿರುವ ಒಂದು ಕವಾಟದ ಮೂಲಕ ಹೊರಗೆ ಚೆಲ್ಲುತ್ತದೆ. ರಭಸ ಏರುತ್ತಿದ್ದಂತೆ ನೀರೇ ಆ ಕವಾಟವನ್ನು ಎತ್ತಿ ಪಟ್ಟನೆ ಮುಚ್ಚಿಬಿಡುತ್ತದೆ. ದಾರಿ ಕಟ್ಟಿದ ನೀರು ಗುದ್ದುತ್ತದೆ; ಆ ಗುದ್ದಿಗೆ ಇನ್ನೊಂದು ಕವಾಟ ತೆರೆದು, ಒಂದಿಷ್ಟು ನೀರು ಗಾಳಿ ತುಂಬಿದ ಉಕ್ಕಿನ ಡಬ್ಬಿಯೊಳಗೆ ನುಗ್ಗುತ್ತದೆ. ಅದುಮಲ್ಪಟ್ಟ ಗಾಳಿ ಆ ನೀರನ್ನು ಸಣ್ಣ ಪೈಪಿನಲ್ಲಿ ಗುಡ್ಡೆಯ ಮೇಲಕ್ಕೆ ತಳ್ಳುತ್ತದೆ. ಅಷ್ಟರಲ್ಲಿ ಕೆಳಗಿನ ಒತ್ತಡ ಇಳಿದು, ಮೊದಲ ಕವಾಟ ತನ್ನ ಭಾರಕ್ಕೇ ಬಿದ್ದು ತೆರೆಯುತ್ತದೆ. ಮತ್ತೆ ಅದೇ ಆಟ. ನಿಮಿಷಕ್ಕೆ ಸುಮಾರು 40ರಿಂದ 100 ಬಾರಿ, ಹಗಲೂ ರಾತ್ರಿ, ಟಕ್ ಟಕ್ ಎಂದು ನಡೆಯುತ್ತಲೇ ಇರುತ್ತದೆ.

ಆದರೆ ಇದರಲ್ಲಿ ಮಾಯಮಂತ್ರವೇನೂ ಇಲ್ಲ. ಬಹಳಷ್ಟು ನೀರು ಕೆಳಗಿಳಿದು ಸ್ವಲ್ಪ ನೀರನ್ನು ಮೇಲೆತ್ತುತ್ತದೆ, ಅಷ್ಟೇ. ಒಂದು ಲೆಕ್ಕ ಹಾಕೋಣ. ನಿಮಿಷಕ್ಕೆ 60 ಲೀಟರ್ ನೀರು 2 ಮೀಟರ್ ಇಳಿದು ಬರುತ್ತದೆ, ಯಂತ್ರದಿಂದ 20 ಮೀಟರ್ ಎತ್ತರದಲ್ಲಿ ನಮ್ಮ ತೊಟ್ಟಿ ಇದೆ ಎಂದಿಟ್ಟುಕೊಳ್ಳಿ. 60ನ್ನು 2ರಿಂದ ಗುಣಿಸಿ 20ರಿಂದ ಭಾಗಿಸಿದರೆ 6 ಲೀಟರ್. ನೂರಕ್ಕೆ 60ರಷ್ಟು ಮಾತ್ರ ನಮಗೆ ದಕ್ಕುತ್ತದೆ ಎಂದರೆ 3.6 ಲೀಟರ್. ಇಷ್ಟೇನಾ ಎಂದು ಮೂಗು ಮುರಿಯಬೇಡಿ! ದಿನದ 1440 ನಿಮಿಷಕ್ಕೆ ಅದು 5184 ಲೀಟರ್ ಆಗುತ್ತದೆ. ಹನಿ ನೀರಾವರಿಯಲ್ಲಿ ಅಡಿಕೆ ಮರವೊಂದಕ್ಕೆ ದಿನಕ್ಕೆ 20 ಲೀಟರ್ ಎಂದು ಹಿಡಿದರೆ 250ಕ್ಕೂ ಹೆಚ್ಚು ಮರಗಳಿಗೆ ಸಾಕು. ಅಥವಾ ಗುಡ್ಡೆಯ ಮೇಲಿನ ಮನೆಗೆ ತಾಯಂದಿರು ಕೊಡಪಾನ ಹೊರುವುದು ತಪ್ಪುತ್ತದೆ.

ಹಾಗಾದರೆ ಇದು ಮರೆಯಾದದ್ದೇಕೆ? ಗುಂಡಿ ಒತ್ತಿದರೆ ನೀರು ಬರುವ ಪಂಪು ಬಂತು. ಟಗರಿನ ಸಣ್ಣ ಧಾರೆಗೆ ಕಾಯುವ ತಾಳ್ಮೆ ಹೋಯಿತು. ಅಲ್ಲದೆ ಇದು ಎಲ್ಲ ಕಡೆಗೂ ಆಗುವಂಥದ್ದಲ್ಲ. ಬಾವಿಯಿಂದ, ಕೊಳವೆಬಾವಿಯಿಂದ ಇದು ನೀರೆತ್ತಲಾರದು. ಸದಾ ಹರಿಯುವ ನೀರು ಮತ್ತು ಒಂದು ಮೀಟರಿಗಿಂತ ಕಡಿಮೆಯಿಲ್ಲದ ಇಳಿಜಾರು ಬೇಕು. ಉತ್ತರಾಖಂಡದ ಗುಡ್ಡಗಾಡುಗಳಲ್ಲಿ ಮತ್ತು ಫಿಲಿಪೈನ್ಸ್ ದೇಶದ ಬೆಟ್ಟದ ಹಳ್ಳಿಗಳಲ್ಲಿ ರೈತರು ಇದನ್ನು ಈ ಕಾಲದಲ್ಲೂ ಬಳಸಿದ್ದಾರೆ.

ಆಸೆಯುಳ್ಳವರು ಮೊದಲು ತೋಡನ್ನು ಅಳೆಯಲಿ. ಅದೂ ಮಳೆಗಾಲದಲ್ಲಲ್ಲ, ಏಪ್ರಿಲ್ ತಿಂಗಳಿನಲ್ಲಿ. ನೀರನ್ನೆಲ್ಲ ಒಂದು ದಂಬೆಗೆ ತಿರುಗಿಸಿ ಬಕೆಟ್ ಹಿಡಿಯಿರಿ. 20 ಲೀಟರಿನ ಬಕೆಟ್ 20 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 60 ಲೀಟರ್. ಎತ್ತರವನ್ನು ಮೇಸ್ತ್ರಿಗಳ ನೀರುಮಟ್ಟದ ಪೈಪಿನಿಂದ ಅಳೆಯಬಹುದು. ಬೇಸಿಗೆಯಲ್ಲಿ ತೋಡು ಬತ್ತುವುದಾದರೆ ಈ ಯೋಚನೆಯನ್ನು ಅಲ್ಲಿಗೇ ಬಿಡುವುದು ಒಳ್ಳೆಯದು.

ಇಳಿಯುವ ಪೈಪು ಗಟ್ಟಿ ಕಬ್ಬಿಣದ್ದೇ ಆಗಬೇಕು. ರಬ್ಬರ್ ಪೈಪು ಹಿಗ್ಗಿ ಗುದ್ದನ್ನೆಲ್ಲ ತಾನೇ ನುಂಗುತ್ತದೆ. ಪೈಪಿನ ಬಾಯಿಗೆ ಜಾಲರಿ ಕಟ್ಟಿ, ತರಗೆಲೆ ಸಿಕ್ಕದಂತೆ ಆಗಾಗ ನೋಡುತ್ತಿರಬೇಕು. ಡಬ್ಬಿಯ ಗಾಳಿ ನಿಧಾನವಾಗಿ ನೀರಿನಲ್ಲಿ ಕರಗಿಹೋಗುತ್ತದೆ. ಅದಕ್ಕೆಂದೇ ಮಾಂಟ್‌ಗಾಲ್ಫಿಯರನ ಮಗ 1816ರಲ್ಲಿ ಗಾಳಿ ಹೀರುವ ಸಣ್ಣ ಕವಾಟವೊಂದನ್ನು ಸೇರಿಸಿದ. ಅದು ಕಟ್ಟಿಕೊಂಡರೆ ಗುದ್ದು ನೇರವಾಗಿ ಪೈಪಿಗೇ ಬಿದ್ದು, ಯಂತ್ರವೇ ಒಡೆದೀತು.

ಚೆಲ್ಲಿಹೋಗುವ 56 ಲೀಟರನ್ನು ತೋಡಿಗೇ ಹಿಂದಿರುಗಿಸಿ. ಕೆಳಗಿನ ಗದ್ದೆಯವರೂ ಅದನ್ನೇ ನಂಬಿದ್ದಾರೆ. ಮೇಲೆ ಬಂದ ನೀರು ತೋಡಿನ ನೀರೇ ಆದ್ದರಿಂದ ಕುಡಿಯುವ ಮೊದಲು ಕೊತಕೊತನೆ ಕುದಿಸಬೇಕು. ತೊಟ್ಟಿಗೆ ಮುಚ್ಚಳವಿರಲಿ, ಸೊಳ್ಳೆ ಮೊಟ್ಟೆಯಿಡದಂತೆ ವಾರಕ್ಕೊಮ್ಮೆ ತಿಕ್ಕಿ ತೊಳೆಯಿರಿ.