ಕೀವು ಕಟ್ಟದ ಗಾಯ: ಎಚ್‌ಎಫ್ ಕರುವಿನ ರಕ್ತದಲ್ಲಿ ಏನು ತಪ್ಪಿರಬಹುದು?

ನಾನು ಓದಿದ್ದು ತೋಟಗಾರಿಕೆ. ಹಸು ಕಟ್ಟಿದ್ದು ಜೀವಾಮೃತಕ್ಕೆ, ಗೊಬ್ಬರಕ್ಕೆ. ಹಗರಿಬೊಮ್ಮನಹಳ್ಳಿ ಹತ್ತಿರದ ನಮ್ಮ ದಾಳಿಂಬೆ ತೋಟದಲ್ಲಿ ಎರಡು ಎಚ್‌ಎಫ್ ಮಿಶ್ರತಳಿ ಹಸುಗಳಿವೆ. ಮೂರು ವರ್ಷದ ಹಿಂದೆ ಹುಟ್ಟಿದ ಒಂದು ಹೆಣ್ಣುಗರು ಮೊದಲ ತಿಂಗಳಿಂದಲೇ ಸೊರಗಿತು. ಭೇದಿ ನಿಂತರೆ ಕೆಮ್ಮು, ಕೆಮ್ಮು ನಿಂತರೆ ಬಾಯಿಹುಣ್ಣು. ಕೊಂಬಿನ ಮೊಗ್ಗು ಸುಟ್ಟ ಜಾಗ ಎರಡು ತಿಂಗಳಾದ್ರೂ ಮಾಯಲಿಲ್ಲ, ಆದರೆ ಒಂದು ಹನಿ ಕೀವೂ ಇಲ್ಲ. ರಕ್ತ ಪರೀಕ್ಷೆ ಮಾಡಿಸಿದ್ರೆ ಮೈಕ್ರೋಲೀಟರಿಗೆ ಬಿಳಿ ರಕ್ತಕಣ 40 ಸಾವಿರ ದಾಟಿತ್ತು. ಇರಬೇಕಾದದ್ದು ಸುಮಾರು 4ರಿಂದ 12 ಸಾವಿರ.

"ಕಣ ಇಷ್ಟಿದ್ರೂ ಗಾಯಕ್ಕೆ ಬರ್ತಿಲ್ಲ ನೋಡ್ರಿ" ಅಂದ್ರು ಡಾಕ್ಟ್ರು. ಐದನೇ ತಿಂಗಳಿಗೆ ಕರು ಹೋಯಿತು.

ಕೀವು ಅಂದರೆ ಬಹುಪಾಲು ಸತ್ತ ಬಿಳಿ ರಕ್ತಕಣಗಳೇ. ಅವು ರಕ್ತದಿಂದ ಗಾಯಕ್ಕೆ ಬರುವುದು ಹೇಗೆ? ಮಾಲವಿ ಕಾಲುವೆಯಲ್ಲಿ ನೀರು ಬಿಟ್ಟಾಗ (ಬಿಟ್ಟರೆ!) ಈಜೋ ಹುಡುಗರನ್ನು ನೆನೆಸಿಕೊಳ್ಳಿ. ಸೆಳೆತದಲ್ಲಿ ಹೋಗುವವನು ಮೊದಲು ದಡದ ಹುಲ್ಲಿಗೆ ಕೈ ತಾಕಿಸುತ್ತಾ ವೇಗ ಕಮ್ಮಿ ಮಾಡ್ಕೊಳ್ತಾನೆ, ಆಮೇಲೆ ಒಂದು ಬೇರನ್ನು ಗಟ್ಟಿಯಾಗಿ ಹಿಡಿದು ದಡ ಹತ್ತುತ್ತಾನೆ. ರಕ್ತಕಣವೂ ಹಾಗೆಯೇ. ಸೋಂಕಾದ ಜಾಗದಲ್ಲಿ ರಕ್ತನಾಳದ ಒಳಗೋಡೆ ಸೆಲೆಕ್ಟಿನ್ ಎಂಬ ಅಂಟು ಅಣುಗಳನ್ನು ಹೊರಚಾಚುತ್ತದೆ. ಕಣ ಅದಕ್ಕೆ ತಾಗಿ ನಿಧಾನ ಉರುಳುತ್ತದೆ. ಗಾಯದಿಂದ ಬರುವ ರಾಸಾಯನಿಕ ಸೂಚನೆ ಸಿಕ್ಕ ಕೂಡಲೇ ಕಣದ ಮೇಲಿರುವ ಇಂಟೆಗ್ರಿನ್ ಎಂಬ ಇನ್ನೊಂದು ಅಂಟು ಅಣು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆಗ ಕಣ ನಿಂತು, ಗೋಡೆಯ ಸಂದಿನಲ್ಲಿ ನುಸುಳಿ ಆಚೆ ಹೋಗುತ್ತದೆ. ಕೆಚ್ಚಲು ಬಾವಾದಾಗ ಸಿಎಂಟಿ ಪರೀಕ್ಷೆಯಲ್ಲಿ ಹಾಲು ಲೋಳೆಯಾಗುವುದು ಹೀಗೆ ನುಸುಳಿ ಬಂದ ಕಣಗಳಿಂದಲೇ.

ಈ ಬಿಗಿ ಹಿಡಿತ ಸಿಡಿ18 ಎಂಬ ಪ್ರೋಟೀನಿನ ಮೇಲೆ ನಿಂತಿದೆ. ಎಚ್‌ಎಫ್ ತಳಿಯಲ್ಲಿ ಅದರ ವಂಶವಾಹಿಯ ಒಂದೇ ಒಂದು ಅಕ್ಷರ ತಪ್ಪಿರುವುದನ್ನು ಅಮೆರಿಕದ ಸಂಶೋಧಕರು 1992ರಲ್ಲಿ ಪ್ರಕಟಿಸಿದರು. ರೋಗಕ್ಕೆ ಬ್ಲಾಡ್ ಎಂದು ಹೆಸರು. ಹುಡುಕುತ್ತಾ ಹೋದರೆ ಮೂಲ ಸಿಕ್ಕಿದ್ದು 1952ರಲ್ಲಿ ಹುಟ್ಟಿದ ಆಸ್ಬಾರ್ನ್‌ಡೇಲ್ ಐವನ್ಹೋ ಎಂಬ ಹೆಸರಾಂತ ಹೋರಿಯಲ್ಲಿ. ಘನೀಕೃತ ವೀರ್ಯದ ಮೂಲಕ ಅದರ ವಂಶ ಜಗತ್ತೆಲ್ಲ ಹರಡಿತ್ತು.

ಒಂದೇ ಪ್ರತಿ ತಪ್ಪಿದ್ದರೆ ದನ ಗಟ್ಟಿಮುಟ್ಟಾಗೇ ಇರುತ್ತದೆ, ಹಾಲೂ ಕೊಡುತ್ತದೆ. ಅದನ್ನು ವಾಹಕ ಅಂತೀವಿ. ಹೋರಿ, ಹಸು ಎರಡೂ ವಾಹಕವಾದರೆ ಪ್ರತಿ ಕರುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಅದಕ್ಕೇ ನಮ್ಮ ದೇಶದ ವೀರ್ಯ ಕೇಂದ್ರಗಳಲ್ಲಿ ಎಚ್‌ಎಫ್ ಮತ್ತು ಅದರ ಮಿಶ್ರತಳಿ ಹೋರಿಗಳಿಗೆ ಬ್ಲಾಡ್ ಪರೀಕ್ಷೆ ಕಡ್ಡಾಯ. ಆದರೆ ಊರಲ್ಲಿ ಬಿಟ್ಟಿರೋ ಮಿಶ್ರತಳಿ ಹೋರಿಗೆ ಯಾರು ಪರೀಕ್ಷೆ ಮಾಡಿಸ್ತಾರೆ? ಅದರ ಮಗಳನ್ನೂ ಅದಕ್ಕೇ ಕಟ್ಟಿಸಿದರೆ ಅಪಾಯ ಇನ್ನೂ ಹೆಚ್ಚು.

ಸೊರಗಿದ ಕರುವೆಲ್ಲ ಬ್ಲಾಡ್ ಅಂದುಕೊಳ್ಳಬೇಡಿ. ಗಿಣ್ಣುಹಾಲು ಸಾಲದ್ದು, ಹೊಕ್ಕುಳ ಬಾವು, ಜಂತುಹುಳು, ಇವೇ ಸಾಮಾನ್ಯ. ಮೊದಲು ಅವನ್ನೇ ನೋಡಿಸಿ. ನಮ್ಮ ಕರುವಿಗೂ ವಂಶವಾಹಿ ಪರೀಕ್ಷೆ ಆಗಲಿಲ್ಲ, ಹಾಗಾಗಿ ಅದು ಬ್ಲಾಡೇ ಅಂತ ನಾನು ಹೇಳಲಾರೆ. ಅದರ ಅಪ್ಪ ಯಾವ ಹೋರಿ ಅಂತ ಹುಡುಕೋಣ ಅಂದ್ರೆ ನಾನೇ ನಂಬರ್ ಬರೆದಿಟ್ಟಿರಲಿಲ್ಲ. ವೀರ್ಯದ ಸ್ಟ್ರಾ ಮೇಲೆ ಹೋರಿ ನಂಬರ್, ಕೇಂದ್ರದ ಗುರುತು ಅಚ್ಚಾಗಿರುತ್ತದೆ. ಈಗ ಪ್ರತಿ ಸಲ ಖಾಲಿ ಸ್ಟ್ರಾ ಕೇಳಿ ಇಸ್ಕೊಂಡು, ಹಸುವಿನ ಕಿವಿಯೋಲೆ ನಂಬರ್ ಜೊತೆ ಕೊಟ್ಟಿಗೆಯ ಡೈರಿಗೆ ಅಂಟಿಸ್ತೀನಿ.